ಹನ್ನೆರಡನೆಯ ಕಲ್ಲು ಅರ್ಧ ತೊಯ್ದಿತ್ತು

ನಗುವುದಿದ್ದರೆ ಈಗಲೇ ನಕ್ಕುಬಿಡಿ. ನಡುವೆ ಯಾರಾದರೂ ಕಿಸಕ್ಕೆಂದರೆ ನನಗೆ ತಲೆ ಕೆಡುತ್ತದೆ. ನಾನು ಕುಡಿದ ಅಮಲಿನಲ್ಲಿ ಏನೋ ಕಂಡೆ ಎಂದು ನಮ್ಮ ಆಫೀಸಿನಲ್ಲಿ ಆಡಿಕೊಂಡವರಿದ್ದಾರೆ. ಹೌದು, ಅದರ ಹಿಂದಿನ ಎರಡು ರಾತ್ರಿ ಕುಡಿದಿದ್ದೆ. ಆ ರಾತ್ರಿ ಒಂದು ಹನಿ ಮುಟ್ಟಿರಲಿಲ್ಲ. ಜೀಪು ಓಡಿಸಿದ ದಸ್ತಗೀರ ಜನ್ಮದಲ್ಲೇ ಮುಟ್ಟಿದವನಲ್ಲ, ಅವನೂ ನೋಡಿದ್ದಾನೆ. ಬೇಕಾದರೆ ಅವನನ್ನು ಕೇಳಿ... ಆದರೆ ಕತ್ತಲಾದ ಮೇಲೆ ಕೇಳಬೇಡಿ, ಹೇಳುವುದಿಲ್ಲ.

ನನ್ನ ಹೆಸರು ಶ್ರೀಧರ. ಬಾಗಲಕೋಟೆಯ ನವನಗರದವನು. ಅಜ್ಜ, ಅಪ್ಪ ಇಬ್ಬರೂ ಮಾಸ್ತರರು. ನಾನು ಮಾತ್ರ ಇಂಗ್ಲಿಷ್ ಬರುತ್ತದೆಂಬ ಒಂದೇ ಬಲದ ಮೇಲೆ ಇಳಕಲ್ಲಿನ ಗ್ರಾನೈಟ್ ಕಂಪನಿಯೊಂದರಲ್ಲಿ ವಿದೇಶಿ ಗಿರಾಕಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ನೋಡಿಕೊಳ್ಳುವುದು ಎಂದರೆ ಏನು ಅಂತ ತಿಳಿದಿರಿ? ಹೋಟೆಲ್ಲು, ಊಟ, ತಿರುಗಾಟ, ರಾತ್ರಿಯ ಬಾಟಲಿ. ಕಲ್ಲು ಕಟ್ಟಕಡೆಗೆ.

ಆ ಮೇ ತಿಂಗಳಲ್ಲಿ ಯುರೋಪಿನಿಂದ ಆಂಟನ್ ಎಂಬ ಗಿರಾಕಿ ಮೂರು ದಿನದ ಕೆಲಸದ ಮೇಲೆ ಬಂದ. ಹನ್ನೆರಡು ಕೆಂಪು ಕಲ್ಲಿನ ಬ್ಲಾಕ್‌ಗಳನ್ನು ನೋಡಿ ಒಪ್ಪಬೇಕಿತ್ತು. ಅವನ ಷರತ್ತು ಒಂದೇ. ಮಾಳಪ್ಪ ತನ್ನ ಎದುರಿಗೇ ಕಲ್ಲು ಬಡಿದು ತೋರಿಸಬೇಕು.

ಮಾಳಪ್ಪ ಯಾರೆಂದು ಹೇಳಬೇಕು. ಶಿರೂರಿನವನು, ಬೀರಪ್ಪ ದೇವರ ಒಕ್ಕಲು, ಹಣೆಗೆ ಸದಾ ಭಂಡಾರ. ಇಪ್ಪತ್ತು ವರ್ಷದಿಂದ ನಮ್ಮ ಯಾರ್ಡಿನಲ್ಲಿ ಕಲ್ಲು ಪರೀಕ್ಷಿಸುವವನು. ಅವನ ಹೆಂಡತಿ ಗಂಗವ್ವ ಕೊಡದಿಂದ ಕಲ್ಲಿನ ಮೇಲೆ ನೀರು ಸುರಿಯುತ್ತಾಳೆ. ಕಲ್ಲು ಒಣಗುತ್ತ ಬಂದಂತೆ, ಒಳಗೆ ಸೀಳಿದ್ದರೆ ಅಲ್ಲೊಂದು ಕಪ್ಪು ಗೆರೆ ಉಳಿಯುತ್ತದೆ. ಆಮೇಲೆ ಮಾಳಪ್ಪ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಾನೆ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಸೀಳು ಕಲ್ಲು ದೊಪ್ ಎನ್ನುತ್ತದೆ. ಪೂರ್ತಿ ತೊಯ್ಯದ ಕಲ್ಲನ್ನು ಅವನು ಬಡಿಯುವುದೇ ಇಲ್ಲ. ಕಂಪನಿಯ ಮಾಲೀಕರು, ನಮ್ಮ ಸಾವ್ಕಾರರೇ ಬಂದು ನಿಂತರೂ ಬಡಿಯುವುದಿಲ್ಲ.

ಆಂಟನ್ ಬರುವ ಹಿಂದಿನ ದಿನ ಗಂಗವ್ವನಿಗೆ ಎದೆನೋವು ಬಂತು. ಅವಳ ತಂಗಿ ಬಾಗಲಕೋಟೆಯ ದವಾಖಾನೆಗೆ ಸೇರಿಸಿದಳು. ಮಾಳಪ್ಪ ನನ್ನ ಮುಂದೆ ಬಂದು ನಿಂತ.

"ಸರ, ಸಾಹೇಬ ಬಂದ ಕೂಡ್ಲೆ ಕಲ್ಲ ಬಡದು ತೋರಿಸಿ, ನಾ ಸೀದಾ ಬಾಗಲಕೋಟಿಗಿ ಹೋಗ್ತೇನಿ. ಅಕಿ ದಾರಿ ಕಾಯಾಕತ್ತಾಳ್ರಿ."

"ನಾಳಿ ಮಧ್ಯಾಹ್ನ ಮುಗಸ್ತೀವಿ, ಹೋಗಿಬಿಡು" ಅಂದೆ. ಮುಗಿಯುವ ತನಕ ಮಾಳಪ್ಪ ಯಾರ್ಡು ಬಿಡಕೂಡದೆಂದು ಸಾವ್ಕಾರರ ಕಟ್ಟಪ್ಪಣೆ ಬೇರೆ ಇತ್ತು. ತಮ್ಮ ಮನೆಯವರಿಗೆ ನೆಗಡಿಯಾದರೆ ಹುಬ್ಬಳ್ಳಿಗೆ ಕಾರು ಓಡಿಸುವ ಮನುಷ್ಯ!

ಮರುದಿನ ಹುಬ್ಬಳ್ಳಿಯಲ್ಲಿ ಆಂಟನ್‌ನನ್ನು ಹತ್ತಿಸಿಕೊಂಡೆವು. ಬಾದಾಮಿಯ ಹತ್ತಿರ ಬರುವಾಗ ಆ ಕೆಂಪು ಬಂಡೆಗಳನ್ನು ನೋಡಿ ಅವನ ಕಣ್ಣು ಅರಳಿತು. ಅಲ್ಲಿಗೆ ಮುಗಿಯಿತು. ಗುಹೆ ನೋಡಿದ್ದಾಯಿತು, ಕೆರೆಯ ದಂಡೆಯಲ್ಲಿ ಕೂತಿದ್ದಾಯಿತು, ರಾತ್ರಿ ಹೋಟೆಲಿನ ಮಾಳಿಗೆಯ ಮೇಲೆ ಗ್ಲಾಸು, ಕರಿದ ಮೀನು, ನಗು.

ಸಂಜೆ ನಾಲ್ಕಕ್ಕೆ ಮಾಳಪ್ಪನ ಫೋನು ಬಂದಿತ್ತು. "ಎಲ್ಲಿ ಅದೀರ್ರಿ ಸರ?"

"ಇನ್ನೊಂದ್ ತಾಸು, ಬಂದಬಿಟ್ವಿ" ಅಂದಿದ್ದೆ.

ಎರಡನೆಯ ದಿನವೂ ಅದೇ. ಪಟ್ಟದಕಲ್ಲು, ಮತ್ತೆ ಬಾದಾಮಿ, ಮತ್ತೆ ಮಾಳಿಗೆ. ಮಾಳಪ್ಪ ಎರಡು ಸಲ ಕೇಳಿದ. ಎರಡು ಸಲವೂ ನಾನು "ಬಂದಬಿಟ್ವಿ" ಅಂದೆ. ಅವನು ಪಾಪ, ನಂಬಿದ. ಸುಡು ಬಿಸಿಲಲ್ಲಿ ತಗಡಿನ ಶೆಡ್ಡಿನೊಳಗೆ ಸುತ್ತಿಗೆ ಹಿಡಿದು ಕೂತೇ ಇದ್ದ.

ಮೂರನೆಯ ದಿನ ಐಹೊಳೆಯಲ್ಲಿದ್ದೆವು. ದುರ್ಗದ ಗುಡಿಯ ಕಂಬಕ್ಕೆ ಒರಗಿ ಆಂಟನ್ ಫೋಟೋ ತೆಗೆಸಿಕೊಳ್ಳುತ್ತಿದ್ದ. ಫೋನು ಬಂತು.

"ಸರ, ನನ್ನ ಫೋನಿನ ಚಾರ್ಜ್ ತೀರಾಕತ್ತೈತಿ. ಶೆಡ್ಡಿನ್ಯಾಗ ಕರೆಂಟಿಲ್ಲ. ಅಕಿಗಿ ಉಸರು ಹಿಡ್ಯಾಕತ್ತೈತಂತ... ನಾ ಹೋಗ್ಲೇನ್ರಿ?"

"ಹೋಗು" ಎನ್ನುವುದಕ್ಕೆ ಎರಡು ಅಕ್ಷರ. ಅಷ್ಟು ಹೇಳಲು ನನಗೇನು ಧಾಡಿಯಾಗಿತ್ತು?

"ಹೊಂಟೇಬಿಟ್ಟೇವಿ ಮಾಳಪ್ಪ. ನೀ ಇಲ್ಲಂದ್ರ ಸಾಹೇಬ ಹಂಗ ಹೊಳ್ಳಿ ಹೋಗ್ತಾನ" ಅಂದೆ.

"ಆಗ್ಲಿ ಬರ್ರಿ" ಅಂದ. ಲೈನು ಕಟ್ಟಾಯಿತು. ನಾನು ಫೋನನ್ನು ಸೈಲೆಂಟಿಗೆ ಹಾಕಿ ಇನ್ನೂ ಹತ್ತು ಫೋಟೋ ತೆಗೆದೆ. ಅಮೀನಗಡದಲ್ಲಿ ಕರದಂಟು ಕೊಡಿಸಿದೆ. ಹುನಗುಂದದ ಆಚೆ ಒಂದು ಧಾಬಾದಲ್ಲಿ ಹಗ್ಗದ ಮಂಚದ ಮೇಲೆ ಕಾಲು ಚಾಚಿ ಎರಡು ತಾಸು ಉಂಡೆವು. ಬೆಳಗಿನ ವಿಮಾನಕ್ಕೆ ಆಂಟನ್ ಹೊರಡಬೇಕು. ಮೂರು ದಿನದ ಕೆಲಸಕ್ಕೆ ಉಳಿದಿದ್ದದ್ದು ಒಂದು ರಾತ್ರಿ.

ಯಾರ್ಡಿಗೆ ಮುಟ್ಟಿದಾಗ ಹನ್ನೆರಡೂವರೆ.

ಊರಿಂದ ದೂರ, ಸುತ್ತ ಕುರುಚಲು. ಜೀಪಿನ ದೀಪದಲ್ಲಿ ಬ್ಲಾಕ್‌ಗಳು ಸಾಲಾಗಿ ನಿಂತಿದ್ದವು. ಹಗಲಿನ ಬಿಸಿ ಇನ್ನೂ ಕಲ್ಲಿನಿಂದ ಮುಖಕ್ಕೆ ಹೊಡೆಯುತ್ತಿತ್ತು. ಮಾಳಪ್ಪ ಶೆಡ್ಡಿನ ಮುಂದೆ ಕಂಬಳಿ ಹಾಸಿ ಕೂತಿದ್ದ. ತೊಡೆಯ ಮೇಲೆ ಸುತ್ತಿಗೆ.

"ಬಂದ್ರಿ?" ಅಂದ. ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಲಗೂನ ಮುಗಸೂಣ. ದಸ್ತಗೀರ ನಿನ್ನ ಸೀದಾ ದವಾಖಾನಿಗಿ ಬಿಡ್ತಾನ" ಅಂದೆ.

"ನೀರಿಲ್ರಿ. ಸಂಜಿಗೇ ಟಾಕಿ ಖಾಲಿ ಆಗೇತಿ. ತೊಯ್ಸಲಾರ್ದ ಹ್ಯಾಂಗ ಬಡೀಲಿ?"

"ಇದೊಂದ್ ಸಲ ಹಂಗ ಬಡಿ ಮಾರಾಯಾ!"

ಅವನು ಸುತ್ತಿಗೆ ಹಿಡಿದು ಎದ್ದ. ನಾನು ಟಾರ್ಚ್ ಹಿಡಿದು ಮೊದಲನೆಯ ಬ್ಲಾಕಿನ ಹತ್ತಿರ ಹೋದೆ.

ಕಲ್ಲು ತೊಯ್ದಿತ್ತು.

ಮೇಲಿನ ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಕಾದ ಕಲ್ಲಿನಿಂದ ಹಬೆ ಏಳುತ್ತಿತ್ತು. ನಾನು ಕೈಯಿಟ್ಟು ನೋಡಿದೆ. ತಣ್ಣಗೆ.

"ನೀರಿಲ್ಲ ಅಂದಿ?"

"ಇಲ್ರಿ. ನಾ ಹಾಕಿಲ್ಲ."

ದಸ್ತಗೀರ ಟಾಕಿಗೆ ಕೈಹಾಕಿ ನೋಡಿ ಬಂದ. ತಳದಲ್ಲಿ ಒಣ ಧೂಳು. ಎರಡನೆಯ ಕಲ್ಲು... ಅದೂ ತೊಯ್ದಿತ್ತು. ಮೂರನೆಯದೂ. ಮಾಳಪ್ಪ ಸುತ್ತಿಗೆ ಎತ್ತಿದ. ಠಣ್... ಠಣ್... ಆ ಕತ್ತಲಲ್ಲಿ ಶಬ್ದ ದೂರದ ತನಕ ಹೋಗಿ ತಿರುಗಿ ಬರುತ್ತಿತ್ತು.

ನಾಲ್ಕನೆಯ ಕಲ್ಲಿನ ಹತ್ತಿರ ನಾನು ಅದನ್ನು ಕೇಳಿದೆ.

ಸಾಲಿನ ಮುಂದೆ, ಟಾರ್ಚ್ ಮುಟ್ಟದ ಕತ್ತಲಲ್ಲಿ... ಸಳ್... ಎಂದು ನೀರು ಸುರಿದ ಸಪ್ಪಳ. ಆಮೇಲೆ ಜಲ್ಲಿಯ ಮೇಲೆ ಹೆಜ್ಜೆ. ಹೆಜ್ಜೆಗೊಮ್ಮೆ ಕಾಲುಂಗುರ ಕಲ್ಲಿಗೆ ತಾಗಿದ ಸಣ್ಣ ಸದ್ದು. ಮತ್ತೆ ಸಳ್...

"ಯಾರದು?" ಎಂದು ಒದರಿ ಟಾರ್ಚ್ ಬೀಸಿದೆ. ಯಾರೂ ಇಲ್ಲ. ಐದನೆಯ ಕಲ್ಲಿನಿಂದ ನೀರು ಇಳಿಯುತ್ತಿತ್ತು.

ದಸ್ತಗೀರ ನನ್ನ ತೋಳು ಹಿಡಿದ. "ಸರ, ವಾಸನಿ ಬಂತೇನ್ರಿ?" ಎಂದು ಪಿಸುಗುಟ್ಟಿದ. "ಫಿನಾಯಿಲ್... ದವಾಖಾನಿ ವಾಸನಿ."

ಬಂದಿತ್ತು. ಕುರುಚಲು ಕಾಡಿನ ನಡುವೆ, ಕಲ್ಲಿನ ಧೂಳಿನ ನಡುವೆ, ಮೂಗಿಗೆ ಅಡರುವ ಫಿನಾಯಿಲ್ ವಾಸನೆ.

ಆಂಟನ್‌ಗೆ ಏನೂ ತಿಳಿಯಲಿಲ್ಲ. ಯಾರೋ ಕೆಲಸದ ಹೆಂಗಸು ಮುಂದೆ ಹೋಗುತ್ತ ನೀರು ಹಾಕುತ್ತಿದ್ದಾಳೆ ಎಂದುಕೊಂಡ. ಪಾಪ, ಇಷ್ಟು ಹೊತ್ತಿನಲ್ಲಿ ಅವಳಿಗೇಕೆ ತೊಂದರೆ ಕೊಟ್ಟಿರಿ ಎಂದು ಇಂಗ್ಲಿಷಿನಲ್ಲಿ ನನ್ನನ್ನೇ ಕೇಳಿದ.

ಏಳನೆಯ ಕಲ್ಲಿನ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತ್ತು. ಮಾಳಪ್ಪ ಬಡಿದ. ದೊಪ್. ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಮುಂದೆ ನಡೆದ. ಅವನ ಮುಖ ನೋಡಿದೆ. ಹೆದರಿಕೆ ಇರಲಿಲ್ಲ. ದಿನದ ಕೆಲಸ ಮಾಡುವವನ ಮುಖವೇ. ಆದರೆ ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಎಂಟು, ಒಂಬತ್ತು, ಹತ್ತು... ಕತ್ತಲಿನ ಆ ಹೆಜ್ಜೆಗಳು ನಿಧಾನವಾಗುತ್ತಿದ್ದವು. ಹನ್ನೊಂದನೆಯ ಕಲ್ಲಿನ ಹತ್ತಿರ ಉಸಿರು ಕೇಳಿಸಿತು. ಏದುಸಿರು. ಒಳಗೆಳೆದ ಗಾಳಿ ಎದೆಯಲ್ಲಿ ಸಿಕ್ಕಿಕೊಂಡಂಥ ಉಸಿರು... ನಿಂತಿತು... ಮತ್ತೆ ಬಂತು. ದಸ್ತಗೀರ ಅಲ್ಲಾ ಅಲ್ಲಾ ಎನ್ನುತ್ತ ಜೀಪಿನ ಕಡೆ ಓಡಿದ.

ಹನ್ನೆರಡನೆಯ ಕಲ್ಲು ಕೊನೆಯದು. ಅದರ ಮೇಲೆ ಟಾರ್ಚ್ ಬಿಟ್ಟೆ.

ಅದು ಅರ್ಧ ಮಾತ್ರ ತೊಯ್ದಿತ್ತು. ಎಡಗಡೆಯಿಂದ ನೀರು ಹರಿದು ಬಂದು ನಟ್ಟನಡುವೆ ನಿಂತಿತ್ತು. ಆಚೆಯ ಅರ್ಧ ಒಣಗಿ ಬೆಚ್ಚಗಿತ್ತು. ಹೆಜ್ಜೆಯಿಲ್ಲ, ಉಸಿರಿಲ್ಲ, ಫಿನಾಯಿಲ್ ವಾಸನೆಯೂ ಇಲ್ಲ.

ಮಾಳಪ್ಪ ಸುತ್ತಿಗೆ ಕೆಳಗಿಟ್ಟ. ನೀರು ನಿಂತ ಗೆರೆಯ ಮೇಲೆ ಅಂಗೈ ಊರಿದ.

"ಬಡಿ ಮಾಳಪ್ಪ, ಇದೊಂದ ಉಳದೈತಿ" ಅಂದೆ.

"ಪೂರಾ ತೊಯ್ದಿಲ್ರಿ. ಬಡೀಬಾರ್ದು." ಅಂದ. "ಅಕಿ ಕೈಲೆ ಇಷ್ಟ ಆತು. ಇನ್ನ ದವಾಖಾನಿಗಿ ಅವಸರ ಮಾಡಬ್ಯಾಡ್ರಿ."

ಆಗ ಜೇಬಿನಿಂದ ಫೋನು ತೆಗೆದೆ. ಹತ್ತೊಂಬತ್ತು ಮಿಸ್ಡ್ ಕಾಲ್. ಗಂಗವ್ವನ ತಂಗಿಯದು. ಮಾಳಪ್ಪನ ಫೋನು ಸತ್ತಿದ್ದರಿಂದ, ಅವನು ಕೊಟ್ಟಿದ್ದ ನನ್ನ ನಂಬರಿಗೆ ಅವಳು ಮಾಡಿದ್ದಳು. ಮೊದಲನೆಯದು ಒಂಬತ್ತೂವರೆಗೆ, ನಾವು ಧಾಬಾದಲ್ಲಿ ಮಂಚದ ಮೇಲೆ ಕಾಲು ಚಾಚಿದ್ದಾಗ. ಕೊನೆಯದು ಹನ್ನೆರಡೂ ಐವತ್ತಕ್ಕೆ, ನಾವು ಆ ಸಾಲಿನಲ್ಲಿ ನಡೆಯುತ್ತಿದ್ದಾಗ. ತಿರುಗಿ ಮಾಡಿದೆ.

"ಈಗ ಹೋದ್ಲು ನಮ್ಮಕ್ಕ" ಎಂದು ಆ ಹೆಂಗಸು ಅತ್ತಳು. "ಮೂರು ದಿನ ಬಾಗಲಾ ನೋಡ್ಕೋಂತ ಇದ್ಲು. ಎಲ್ಲಿಟ್ಕೊಂಡಿರ್ರಿ ನಮ್ಮ ಮಾವನ್ನ?"

ನನ್ನ ಮುಖ ನೋಡಿ ಆಂಟನ್ ಏನಾಯಿತೆಂದು ಕೇಳಿದ. ಎಲ್ಲ ಹೇಳಿದೆ. ಅವನು ಕಲ್ಲಿಗೆ ಒರಗಿ ಕೂತುಬಿಟ್ಟ. ಆಮೇಲೆ ತಲೆಯೆತ್ತಿ ಕೇಳಿದ. "ನನಗೆ ಯಾಕೆ ಹೇಳಲಿಲ್ಲ? ಮೊದಲನೆಯ ದಿನವೇ ಕಲ್ಲು ನೋಡೋಣ ಎಂದು ನಾನೇ ಹೇಳಿರಲಿಲ್ಲವೇ?"

ಹೇಳಿದ್ದ. ಈ ತನಕ ನಾನು ನಿಮಗೆ ಅದನ್ನು ಮುಚ್ಚಿಟ್ಟೆ. ಬಾದಾಮಿಯಲ್ಲಿ ಜೀಪು ನಿಲ್ಲಿಸಿದವನು ನಾನು. ಪಟ್ಟದಕಲ್ಲು, ಐಹೊಳೆ, ಮಾಳಿಗೆಯ ಮೇಲಿನ ಗ್ಲಾಸು, ಎಲ್ಲ ನನ್ನ ಹುಕಿ. ಕಂಪನಿಯ ಖರ್ಚಿನಲ್ಲಿ ಮೂರು ದಿನ ಮಜಾ ಸಿಗುವಾಗ ಯಾರ್ಡಿನ ಬಿಸಿಲು ಯಾರಿಗೆ ಬೇಕು? ಸಾವ್ಕಾರರನ್ನು ಬೈದೆ, ಇನ್ನೂ ಬೈಯುತ್ತೇನೆ. ಆದರೆ "ಬಂದಬಿಟ್ವಿ" ಎಂದ ನಾಲಿಗೆ ಸಾವ್ಕಾರರದಲ್ಲ. ಇವತ್ತಿಗೂ ಕನ್ನಡಿಯಲ್ಲಿ ನನ್ನ ಮುಖ ಕಂಡರೆ ಬಾರಿಸಬೇಕೆನಿಸುತ್ತದೆ.

ಆಂಟನ್ ಹತ್ತು ಕಲ್ಲು ಒಯ್ದ. ಹನ್ನೆರಡನೆಯದು ಯಾರ್ಡಿನಲ್ಲೇ ಇದೆ. ಎರಡು ಬೇಸಿಗೆ ಕಳೆದಿವೆ. ಕಲ್ಲು ಕಾದು ಕೈ ಸುಡುವ ಮಧ್ಯಾಹ್ನದಲ್ಲೂ ಅದರ ಎಡಗಡೆ ತೊಯ್ದೇ ಇರುತ್ತದೆ, ನಡುವಿನ ಆ ಗೆರೆಯ ತನಕ. ಸಾವ್ಕಾರರು ಅದನ್ನು ಕಲೆ ಅನ್ನುತ್ತಾರೆ. ಉಳಿದರ್ಧಕ್ಕೆ ನೀರು ಹಾಕಿ ಬಡಿದು ಮಾರಿಬಿಡು ಅನ್ನುತ್ತಾರೆ. ಕೊಡ ತುಂಬಿಕೊಂಡು ಎರಡು ಸಲ ಹತ್ತಿರ ಹೋದೆ. ಎರಡು ಸಲವೂ ಫಿನಾಯಿಲ್ ವಾಸನೆ ಬಂತು. ಕೊಡ ಅಲ್ಲೇ ಬಿಟ್ಟು ಬಂದೆ.

ಮಾಳಪ್ಪ ಮತ್ತೆ ಕೆಲಸಕ್ಕೆ ಬರಲಿಲ್ಲ. ಹೋದ ತಿಂಗಳು ಧೈರ್ಯ ಮಾಡಿ ಶಿರೂರಿಗೆ ಹೋಗಿ ಅವನ ಕಾಲಿಗೆ ಬಿದ್ದೆ. ಬೈಯಲಿ, ಹೊಡೆಯಲಿ ಎಂದೇ ಹೋಗಿದ್ದೆ. ಅವನು ನನ್ನನ್ನು ಎಬ್ಬಿಸಿ ಕೂರಿಸಿ, ಚಹಾ ತರಿಸಿದ. ಆಮೇಲೆ ಅಂಗಳದ ಕಡೆ ನೋಡುತ್ತ ಹೇಳಿದ.

"ನಿಮ್ದೇನೈತ್ರಿ ಸರ. ತಡಾ ಆದ್ರೂ ನೀವು ಬಂದ್ರಿ. ಜೀವಾ ಹೋಗೂ ಹೊತ್ತಿನ್ಯಾಗ ಅಕಿನೂ ಬಂದ್ಲು. ಅಕಿ ಕಡೆ ಹೋಗ್ಲಾರ್ದಾಂವ ನಾ ಒಬ್ಬನ, ನೋಡ್ರಿ."