ಎಡಗಡೆಯ ಗಾಜಿನ ಸುಕ್ಕು

2003ನೇ ಇಸವಿಯ ಮಾತು. ಎರಡನೇ ವರ್ಷವೂ ಮಳೆ ಕೈಕೊಟ್ಟಿತ್ತು. ಶಿವರಾತ್ರಿಗೆ ಮೊದಲೇ ಬಿಸಿಲು ತಲೆ ಸುಡುತ್ತಿತ್ತು. ನಾನಾಗ ಔರಾದಿನ ಒಂದು ಶಾಲೆಯಲ್ಲಿ ಶಿಕ್ಷಕಿ. ಯಜಮಾನರ ನೌಕರಿ ಭಾಲ್ಕಿಯಲ್ಲಿ, ಮನೆಗೆ ಬರುತ್ತಿದ್ದುದು ಭಾನುವಾರ ಮಾತ್ರ. ಹಾಗಾಗಿ ಅತ್ತೆಯ ಔಷಧವೂ ಹಳೆಯ ಮಾರುತಿ ಕಾರಿನ ಸ್ಟೇರಿಂಗೂ ನನ್ನ ಪಾಲಿಗೇ ಬಂದಿದ್ದವು.

ಅತ್ತೆಯ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದ ಕಣ್ಣಿಗೂ ಪೊರೆ ಬಂದಿತ್ತು. ಸಕ್ಕರೆ ಕಾಯಿಲೆ ಹತೋಟಿಗೆ ಬಂದ ಮೇಲೆಯೇ ಆಪರೇಷನ್ ಎಂದು ಬೀದರಿನ ಡಾಕ್ಟರು ಪ್ರತಿ ಶನಿವಾರ ಕರೆಸುತ್ತಿದ್ದರು. "ಇರೋದು ಒಂದೇ ಕಣ್ಣು. ಆಪರೇಷನ್ ಆದ ಮ್ಯಾಲ ಬಿಸಿಲು, ಧೂಳು ತಾಕಬಾರದು ನೋಡ್ರಿ" ಎಂದು ಅವರು ಹೇಳಿದ್ದೇ ತಡ, ನಾನು ಕಾರಿನ ಗಾಜುಗಳಿಗೆ ಕಪ್ಪು ಫಿಲ್ಮ್ ಹಚ್ಚಿಸಲು ಹೊರಟೆ.

ಬೀದರಿನ ಗಾಂಧಿ ಗಂಜ್ ಹತ್ತಿರ ಮೌಲಾಸಾಬರ ಅಂಗಡಿಯಿತ್ತು. ಐವತ್ತರ ಆಸುಪಾಸಿನ ಮನುಷ್ಯ, ಮಾತು ಕಡಿಮೆ. ಸೋಪಿನ ನೀರು ಚಿಮುಕಿಸಿ, ಫಿಲ್ಮ್ ಕೂರಿಸಿ, ರಬ್ಬರಿನ ಪಟ್ಟಿಯಿಂದ ನೀರು ಹಿಂಡಿ ತೆಗೆದರು. ಕೆಲಸ ಮುಗಿದಾಗ ನೋಡಿದರೆ ಗಾಜಿನ ತುಂಬ ಸಣ್ಣ ಸಣ್ಣ ಗುಳ್ಳೆಗಳು.

"ಇದೇನ್ರಿ ಇದು?" ಎಂದೆ.

"ಒಳಗ ನೀರು ಉಳದದ್ರಿ ಮೇಡಂ. ಬಿಸಿಲಿಗಿ ನಿಂದ್ರಸ್ರಿ, ತಾನೇ ಒಣಗ್ತದ. ಎಂಟು ದಿನ ಗ್ಲಾಸ್ ಮಾತ್ರ ಇಳಸಬ್ಯಾಡ್ರಿ."

ಹಿಂದಿನ ಸೀಟಿನಲ್ಲಿದ್ದ ಅತ್ತೆಗೆ ತಿರುಗಿ ಹೇಳಿದೆ, "ಕೇಳಿಸ್ತಲ್ರಿ, ಗ್ಲಾಸಿಗಿ ಕೈ ಹಚ್ಚಬ್ಯಾಡ್ರಿ." ಅವರು ಹೂಂ ಎಂದರು. ನಾನು ಒಮ್ಮೆ ಹೇಳಿದರೆ ಮುಗಿಯಿತು ಎಂದೇ ನನ್ನ ಲೆಕ್ಕ. ಶಾಲೆಯಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ.

ವಾರದೊಳಗೆ ಮೂರು ಗಾಜುಗಳು ಕನ್ನಡಿಯಂತಾದವು. ಹಿಂದಿನ ಎಡಗಡೆಯ ಗಾಜು, ಅಂದರೆ ಅತ್ತೆ ಕೂರುವ ಕಡೆಯದು, ಮಾತ್ರ ಹಾಳಾಯಿತು. ಮೇಲಿನ ಅಂಚು ಎದ್ದು ಸುಕ್ಕುಗಟ್ಟಿತು. ಅದರೊಳಗೆ ಕೆಂಪು ಧೂಳು ಸೇರಿಕೊಂಡಿತು. ನನಗೆ ಪಿತ್ತ ನೆತ್ತಿಗೇರಿತು. ಮಕ್ಕಳ ಕಾಪಿ ಪುಸ್ತಕದಲ್ಲಿ ಒಂದು ಚಿತ್ತು ಕಂಡರೂ ಸಹಿಸದವಳು ನಾನು.

ಮುಂದಿನ ಶನಿವಾರ ಮೌಲಾಸಾಬರು ಏನೂ ಎದುರಾಡದೆ ಆ ಗಾಜಿಗೆ ಹೊಸ ಫಿಲ್ಮ್ ಹಚ್ಚಿಕೊಟ್ಟರು. ಅದರ ಮುಂದಿನ ಶನಿವಾರ ಮತ್ತೆ ಅದೇ ಸುಕ್ಕು, ಅದೇ ಧೂಳು. ಈ ಸಲ ನಾನು ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಮಾತಾಡಿದೆ. ಗಿರಾಕಿಗಳು ತಿರುಗಿ ನೋಡಿದರು.

"ಮೇಡಂ, ಯಾರರ ಗ್ಲಾಸ್ ಇಳಸ್ಯಾರೇನ್ರಿ?" ಎಂದು ಅವರು ಮೆಲ್ಲಗೆ ಕೇಳಿದರು.

"ನಾನು ಸಾಲಿ ಟೀಚರ್ ಇದ್ದೇನಿ. ಸುಳ್ಳು ಹೇಳ್ಲತ್ತೇನಿ ಅಂತೀರೇನು? ಟ್ಯಾಂಕರಿನ ಸವಳು ನೀರು ಹೊಡದು ಹಚ್ಚೀರಿ, ಅದು ಹ್ಯಾಂಗ ಹಿಡೀತದ?"

ಅತ್ತೆ ಕಾರಿನೊಳಗಿಂದ ಏನೋ ಹೇಳಲು ಬಾಯಿ ತೆರೆದರು. "ನೀವು ಸುಮ್ಮ ಕೂಡ್ರಿ" ಎಂದೆ.

ಮೌಲಾಸಾಬರು ಒಳಗೆ ಹೋಗಿ ಒಂದು ತಂಬಿಗೆ ನೀರು ತಂದರು. "ಇದು ಮನಿಯಾಗಿಂದ ತಂದ ಕುಡಿಯೋ ನೀರ್ರಿ ಮೇಡಂ. ಹೋದ ವಾರನೂ ಇದರಾಗೇ ಹಚ್ಚೀನಿ. ಇವತ್ತೂ ಇದರಾಗೇ ಹಚ್ತೇನಿ" ಎಂದರು. ಆ ದಿನಗಳಲ್ಲಿ ಬೀದರಿನಲ್ಲಿ ಒಂದು ಕೊಡ ನೀರಿಗೆ ಹೆಂಗಸರು ಅರ್ಧ ದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ನನಗದು ಗೊತ್ತಿತ್ತು. ಆದರೂ ಆ ನೀರು ನನ್ನ ಗಾಜಿನ ಮೇಲೆ ಹರಿದುಹೋಗುವುದನ್ನು ಕೈಕಟ್ಟಿ ನೋಡುತ್ತ ನಿಂತೆ.

ಅಂದೇ ತಪಾಸಣೆಯಲ್ಲಿ ಸಕ್ಕರೆ ಇಳಿದಿದೆ, ಬರುವ ವಾರ ಆಪರೇಷನ್ ಎಂದು ಡಾಕ್ಟರು ಹೇಳಿದರು. ಹಿಂತಿರುಗುವಾಗ ಎಂದಿನಂತೆ ಸಂತಪುರದ ಬಸ್ ನಿಲ್ದಾಣದ ಎದುರು ಕಾರು ನಿಲ್ಲಿಸಿದೆ. ಸಂತಪುರ ಅತ್ತೆಯ ಊರು. ನಮ್ಮ ಹಳೆಯ ಮನೆಯೂ ಅಲ್ಲೇ. ಪ್ರತಿ ಶನಿವಾರ ಅಲ್ಲಿಯ ಕಚೇರಿಯಲ್ಲಿ ಶಾಲೆಯ ಕಾಗದ ಕೊಟ್ಟು ಬರುತ್ತಿದ್ದೆ. ಅರ್ಧ ಗಂಟೆಯಾದರೂ ಹಿಡಿಯುತ್ತಿತ್ತು. ಅಂದು ಕಚೇರಿಗೆ ಬೀಗ. ತಕ್ಷಣ ತಿರುಗಿ ಬಂದೆ.

ಬಂದು ನೋಡಿದರೆ ಹಿಂದಿನ ಎಡಗಡೆಯ ಗಾಜು ಪೂರ್ತಿ ಕೆಳಗಿತ್ತು. ಅತ್ತೆ ಅರ್ಧ ದೇಹ ಹೊರಗೆ ಚಾಚಿದ್ದರು. ಗಂಟು ಮೂಟೆ, ಪಾತ್ರೆ ಚೀಲ ಕಟ್ಟಿಕೊಂಡು ಪುಣೆ, ಹೈದರಾಬಾದಿಗೆ ಕೆಲಸಕ್ಕೆ ಹೊರಟವರು ಸುತ್ತ ನಿಂತಿದ್ದರು. ಅತ್ತೆ ಒಬ್ಬೊಬ್ಬರ ಮುಖ ಹತ್ತಿರಕ್ಕೆ ಎಳೆದುಕೊಂಡು, ಗಲ್ಲ ಸವರಿ, "ಹೋಗಿ ಬಾರವ್ವ, ಹೋಗಿ ಬಾರೋ" ಎನ್ನುತ್ತಿದ್ದರು. ನನ್ನನ್ನು ಕಂಡದ್ದೇ ಗರಗರ ಗಾಜು ಏರಿಸಿದರು.

ನಾನು ಕಾರಿನೊಳಗೆ ಕೂತು ಸಿಡಿದೆ. "ಎಷ್ಟ ಸಲ ಹೇಳೇನಿ ನಿಮಗ? ಆ ಮನಷಾಗ ಸುಮ್ಮಸುಮ್ಮನ ಬೈದು ಬಂದೆನಲ್ಲ, ಅಲ್ಲೇ ಹೇಳಬಾರದಿತ್ತೇನು?"

"ಹೇಳ್ಲಾಕ ಹೋದ್ರ ಸುಮ್ಮ ಕೂಡು ಅಂದಿ."

ನಾನು ಕಾರು ಶುರು ಮಾಡಿದೆ. ಊರು ದಾಟಿದ ಮೇಲೆ ಅವರೇ ಹೇಳಿದರು, "ಊರು ಬಿಟ್ಟು ಹೋಗೋರಿಗಿ ಮಾರಿ ನೋಡಿ ಹೋಗಿ ಬಾ ಅನಬೇಕವ್ವ. ಮುಚ್ಚಿದ ಗ್ಲಾಸಿನಾಗ ಕುಂತು ಅಂದ್ರ ಅವರಿಗಿ ಹ್ಯಾಂಗ ಮುಟ್ತದ? ಮತ್ತ ಆಪರೇಷನ್ ಕೆಟ್ರ ನಾ ಆ ಮಾರಿ ಇನ್ನೊಮ್ಮಿ ನೋಡ್ತೇನೇನು?"

ಆ ಭಯ ಅವರಿಗೆ ಇದೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಗಾಜು ಒಂದೇ.

ಆಪರೇಷನ್ನಿನ ದಿನ ಒಂದು ಕೊಡ ನೀರು ಕಾರಿನಲ್ಲಿಟ್ಟುಕೊಂಡು ಮೌಲಾಸಾಬರ ಅಂಗಡಿಗೆ ಹೋದೆ. "ತಪ್ಪು ನಮ್ಮದ್ರಿ. ನಮ್ಮತ್ತಿ ಗ್ಲಾಸ್ ಇಳಸ್ತಿದ್ರು" ಎಂದು ಎಲ್ಲರ ಎದುರೇ ಹೇಳಿದೆ. ಅವರು ನಕ್ಕು, "ನನಗ ಮೊದಲೇ ಗೊತ್ತಿತ್ರಿ. ಗ್ಲಾಸ್ ಇಳಸದೇ ಮೇಲಿನ ಅಂಚು ಏಳಂಗಿಲ್ಲ" ಎಂದರು. ಮತ್ತೆ ಹೊಸ ಫಿಲ್ಮ್ ಹಚ್ಚಿದರು. ಅವರ ತಾಳ್ಮೆ ಕಂಡು ನನಗೆ ಇನ್ನಷ್ಟು ನಾಚಿಕೆಯಾಯಿತು.

ಎರಡು ದಿನದ ನಂತರ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಅತ್ತೆಯನ್ನು ಕರೆದುಕೊಂಡು ಹೊರಟೆ. ಸಂತಪುರ ಬಂದಾಗ, "ನಿಂದ್ರಸವ್ವ. ಗ್ಲಾಸ್ ಇಳಸಂಗಿಲ್ಲ, ಆಣಿ. ನೀನೇ ಇಳದು ಹೋಗಿ ಬರ್ರಿ ಅನ್ನು" ಎಂದರು. ಇಳಿದೆ. ಹಾಗೆಯೇ ಹೇಳಿದೆ. ಗುಂಪಿನಲ್ಲಿದ್ದ ಕಾಶಮ್ಮ, ಅತ್ತೆಯ ಮನೆಯ ಹಿಂದಿನ ಓಣಿಯವಳು, ಕಾರಿನ ಹತ್ತಿರ ಬಂದಳು. ಒಳಗಿನದು ಏನೂ ಕಾಣದು. ಅಂಗೈಯನ್ನು ಗಾಜಿನ ಮೇಲೊತ್ತಿ, "ಬರ್ತೇನ್ರಿ ಅವ್ವಾರ" ಎಂದಳು. ಒಳಗೆ ಅತ್ತೆ ಎರಡೂ ಕೈ ಎತ್ತಿದ್ದರು, ಅದನ್ನು ಅವರೇ ಆಮೇಲೆ ಹೇಳಿದ್ದು. ಹೊಸ ಫಿಲ್ಮಿನ ಗಾಜಿನ ಮೇಲೆ ಐದು ಬೆರಳಿನ ಮಣ್ಣು ಮೂಡಿತು. ನಾನು ಮನಸ್ಸಿನಲ್ಲೇ ಸಿಡುಕುತ್ತ ಸೆರಗಿನಿಂದ ಅದನ್ನು ಒರೆಸಿದೆ.

ಅತ್ತೆಗೆ ಕಣ್ಣು ಬಂತು. ಮುಂಗಾರಿಗೆ ಊರಿನವರು ಒಬ್ಬೊಬ್ಬರೇ ತಿರುಗಿ ಬಂದರು. ಕಾಶಮ್ಮ ಬರಲಿಲ್ಲ. ಪುಣೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾಗ ಜ್ವರದಿಂದ ತೀರಿಕೊಂಡಳು ಎಂದು ಸುದ್ದಿ ಬಂತು.

ಅತ್ತೆ ನನ್ನನ್ನು ಕೇಳಿದರು, "ಅವತ್ತ ನೀ ನೋಡಿದಿಯಲ್ಲ, ಕಾಶಮ್ಮನ ಮಾರಿ ಹ್ಯಾಂಗಿತ್ತವ್ವ?"

ಆಕೆ ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದಳು. ಆ ಐದು ಬೆರಳುಗಳ ಗುರುತು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಖ ಮಾತ್ರ ನೆನಪಿಲ್ಲ. ನಾನು ನೋಡಿಯೇ ಇರಲಿಲ್ಲ.