ಬೆಳಕು ಹುಟ್ಟುವ ಜಾಗಕ್ಕೆ ಕುಂಕುಮ

ಕೋವಿಡ್ ಕಳೆದು ಚಿತ್ರಮಂದಿರಗಳು ಮತ್ತೆ ಬಾಗಿಲು ತೆರೆದ ಎರಡನೇ ವರ್ಷ. ಆಗ ನಾನು ಮೈಸೂರಿನಲ್ಲಿದ್ದುಕೊಂಡು ಡಿಜಿಟಲ್ ಪ್ರೊಜೆಕ್ಟರುಗಳ ಸರ್ವಿಸ್ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೆ. ಮೈಸೂರು, ಮಂಡ್ಯ, ಚಾಮರಾಜನಗರ ಮೂರೂ ಜಿಲ್ಲೆ ನನ್ನ ಪಾಲಿಗೆ. ಸ್ಕೂಟರಿನ ಡಿಕ್ಕಿಯಲ್ಲಿ ಸ್ಪ್ಯಾನರು, ಸ್ಕ್ರೂಡ್ರೈವರು ಇಟ್ಟುಕೊಂಡು ತಿರುಗುವ ಹೆಂಗಸನ್ನು ಕಂಡು ಮೊದಮೊದಲು ನಕ್ಕವರೇ ಆಮೇಲೆ ಟೀ ತರಿಸುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಎಲ್ಲ ಆಪರೇಟರುಗಳಿಗೂ ಗೊತ್ತಿತ್ತು. ಹಾಗಾಗಿ ಟೀ ಬೇಗ ಬರುತ್ತಿತ್ತು.

ಆ ವರ್ಷ ಒಂದು ಫಿಲ್ಮ್ ಸೊಸೈಟಿಯವರಿಗೆ ಹೊಸ ಕಾಲದ ಐರಿಷ್ ಚಿತ್ರಗಳ ಉತ್ಸವವನ್ನು ಸಣ್ಣ ಊರುಗಳಿಗೂ ಒಯ್ಯುವ ಹುಮ್ಮಸ್ಸು ಬಂತು. ಮೈಸೂರಾದ ಮೇಲೆ ಕೊಳ್ಳೇಗಾಲ ಅಂದರು. ‘ಐರ್ಲೆಂಡ್ ಎಲ್ಲಿ, ಕೊಳ್ಳೇಗಾಲ ಎಲ್ಲಿ, ಇವರಿಗೇನು ಬೇರೆ ಕೆಲಸವಿಲ್ಲವೇ’ ಎಂದು ನಾನೂ ನಕ್ಕೆ. ಆದರೆ ಅದರ ಉಸ್ತುವಾರಿ ಹೊತ್ತಿದ್ದ ನಾಗರತ್ನ ಹಟದ ಹೆಣ್ಣುಮಗಳು. ಯಳಂದೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದಳು. ಗೆಳತಿಯರನ್ನು ಕಟ್ಟಿಕೊಂಡು ಎಲ್ಲ ಚಿತ್ರಗಳಿಗೂ ಕನ್ನಡ ಸಬ್‌ಟೈಟಲ್ ಬರೆದಿದ್ದಳು. ಹನೂರಿನಿಂದ, ಯಳಂದೂರಿನಿಂದ ಬಸ್ಸು ಗೊತ್ತು ಮಾಡಿ ಜನರನ್ನೂ ಹೊರಡಿಸಿದ್ದಳು.

ಶನಿವಾರ, ಭಾನುವಾರದ ಉತ್ಸವಕ್ಕೆ ಶುಕ್ರವಾರವೇ ಕೊಳ್ಳೇಗಾಲದ ಥಿಯೇಟರಿಗೆ ಹೋಗಿ ಎಲ್ಲ ಸಜ್ಜು ಮಾಡಿದೆ. ಈಗಿನ ಸಿನಿಮಾ ರೀಲಿನಲ್ಲಿ ಬರುವುದಿಲ್ಲ, ಹಾರ್ಡ್ ಡಿಸ್ಕಿನಲ್ಲಿ ಬೀಗ ಹಾಕಿಕೊಂಡು ಬರುತ್ತದೆ. ಆ ಬೀಗ ತೆಗೆಯಲು ಬೇರೆಯಾಗಿ ಒಂದು ಡಿಜಿಟಲ್ ಕೀ ಕಳಿಸುತ್ತಾರೆ. ಯಾವ ಥಿಯೇಟರಿನ ಯಾವ ಮಿಷಿನ್ನಿಗೆ, ಯಾವ ದಿನಗಳಿಗೆ ಎಂದು ಅದರಲ್ಲಿ ಗೊತ್ತು ಮಾಡಿರುತ್ತಾರೆ. ಬೇರೆ ಮಿಷಿನ್ನಿನಲ್ಲಿ ಅದು ಕೆಲಸಕ್ಕೆ ಬಾರದು. ಎಲ್ಲ ಚಿತ್ರಗಳನ್ನೂ ಐದೈದು ನಿಮಿಷ ಓಡಿಸಿ ನೋಡಿದೆ. ಪರದೆಯ ಮೇಲೆ ಹಸಿರು ಹುಲ್ಲು, ಮೋಡ, ಕಲ್ಲಿನ ಗೋಡೆ. ಆಪರೇಟರ್ ಮಾದಯ್ಯ ಕಿಂಡಿಯಲ್ಲಿ ಇಣುಕಿ, “ಮೋಡ ನೋಡವ್ವ, ಥೇಟ್ ನಮ್ಮೂರ್ ಬೆಟ್ಟದ ಮೇಲ್ ಕೂತಂಗೇ ಕೂತದೆ” ಅಂದ. ಅವನು ಹನೂರು ಕಡೆಯ ಹೂಗ್ಯದವನು. ಮೀಸೆ ಮೂಡುವ ವಯಸ್ಸಿನಲ್ಲಿ ಬಂದವನು ಆ ಪ್ರೊಜೆಕ್ಟರ್ ಕ್ಯಾಬಿನ್ನಿನಲ್ಲೇ ತಲೆ ಬೆಳ್ಳಗೆ ಮಾಡಿಕೊಂಡಿದ್ದ.

ನಾನು ಹೊರಡುವ ಹೊತ್ತಿಗೆ ಮಾಲೀಕ ಶಿವಬಸಪ್ಪನವರು ಮೆಟ್ಟಿಲ ಬಳಿ ನಿಲ್ಲಿಸಿದರು. ಧನಗೆರೆ ಕಡೆ ಗದ್ದೆ, ಪೇಟೆಯಲ್ಲಿ ರೇಷ್ಮೆ ವ್ಯಾಪಾರ ಇದ್ದ ಕುಳ. ಮಾತು ಕಡಿಮೆ.

“ಈ ಥಿಯೇಟ್ರ ಗೋಡೌನ್ ಮಾಡ್ಕತೀವಿ ಅಂತ ಸೋಮವಾರ ಒಬ್ರು ಬತ್ತಾವ್ರೆ ಮೇಡಂ. ಈ ಎರಡು ದಿನ ನೋಡ್ತೀನಿ. ಜನ ಬಂದು ಕೂತು ನೋಡುದ್ರೆ ಸರಿ. ಮಧ್ಯದಲ್ಲಿ ಎದ್ದೋದ್ರೆ ಬೀಗ ಹಾಕಿ ಕೀ ಅವ್ರ ಕೈಗೆ ಕೊಟ್ಬುಡ್ತೀನಿ” ಎಂದರು. ಮಾದಯ್ಯ ಅಲ್ಲೇ ನಿಂತಿದ್ದ. ಮಾಲೀಕರು ಹೋದ ಮೇಲೆ ಮೆಲ್ಲಗೆ, “ನಂಗೆ ಇನ್ನೊಂದ್ ಕೆಲ್ಸ ಬರಾಕಿಲ್ಲ ಕಣವ್ವ” ಎಂದ. ಎಲ್ಲ ಸರಿಯಾಗಿದೆ, ಯೋಚನೆ ಮಾಡಬೇಡಿ ಎಂದು ಧೈರ್ಯ ಹೇಳಿ ಹೊರಟೆ.

ಶನಿವಾರ ಬೆಳಗ್ಗೆ ಬಂದು ಸ್ವಿಚ್ ಒತ್ತಿದರೆ ಕೆಂಪು ದೀಪ! ‘ಭದ್ರತಾ ದೋಷ, ಪ್ರದರ್ಶನ ಸಾಧ್ಯವಿಲ್ಲ’ ಎಂಬ ಅರ್ಥದ ಸಾಲು ಮಾನಿಟರಿನಲ್ಲಿ. ಹನ್ನೊಂದು ಗಂಟೆಗೆ ಮೊದಲ ಆಟ. ಹನೂರಿನ ಬಸ್ಸು ಆಗಲೇ ಕಾಂಪೌಂಡಿನೊಳಗೆ ಬಂದು ನಿಂತಿತ್ತು.

“ಮಾದಯ್ಯ, ಯಾರಾದ್ರೂ ಮಿಷಿನ್ ಮುಟ್ಟಿದ್ರಾ?”

“ಇಲ್ಲ ಕಣವ್ವ. ಯಾರ್ನ ಬುಡ್ತೀನಿ ನಾನು ಒಳಿಕೆ?”

ಸರಿ, ಕರೆಂಟು ನೋಡಿದೆ. ಯುಪಿಎಸ್ ನೋಡಿದೆ. ಕೇಬಲ್ಲುಗಳನ್ನು ಒಂದೊಂದಾಗಿ ಕಿತ್ತು ಹಾಕಿದೆ. ಆರಿಸಿ ಹೊತ್ತಿಸಿದೆ. ಮತ್ತೆ ಕೆಂಪು. ಇಂಥ ದೋಷ ಸುಮ್ಮಸುಮ್ಮನೆ ಬರುವುದಿಲ್ಲ. ಸಿನಿಮಾ ಕದಿಯಬಾರದೆಂದು ಈ ಯಂತ್ರಕ್ಕೆ ಎರಡು ಸುತ್ತಿನ ಕಾವಲು ಇಟ್ಟಿರುತ್ತಾರೆ. ಹೊರಮುಚ್ಚಳ ಬಿಚ್ಚಿದರೆ ಯಂತ್ರ ಮುನಿಸಿಕೊಂಡು ನಿಲ್ಲುತ್ತದೆ. ಕಂಪನಿಯ ಕಂಟ್ರೋಲ್ ರೂಮಿನವರು ಕೋಡ್ ಕೊಟ್ಟರೆ ಮತ್ತೆ ದಾರಿಗೆ ಬರುತ್ತದೆ. ಆದರೆ ಅದರೊಳಗೆ ಅಂಗೈಯಗಲದ ಇನ್ನೊಂದು ಪೆಟ್ಟಿಗೆ ಇದೆ. ಅದನ್ನು ತೆರೆದರೆ ಮುಗಿಯಿತು. ತನ್ನ ಗುರುತನ್ನೇ ಅಳಿಸಿಹಾಕಿಕೊಳ್ಳುತ್ತದೆ, ಯಾವ ಕೀಗೂ ಬಗ್ಗುವುದಿಲ್ಲ, ಫ್ಯಾಕ್ಟರಿಗೇ ಕಳಿಸಬೇಕು. ಮುಚ್ಚಳ ಯಾರು ಬಿಚ್ಚಿದರು, ಎಲ್ಲಿಯವರೆಗೆ ಬಿಚ್ಚಿದರು ಎಂಬುದೇ ತಿಳಿಯದು.

ಕೆಳಗೆ ಜನ ತುಂಬುವ ಸದ್ದು. ನಾಗರತ್ನ ಮೇಲೆ ಬಂದು ನನ್ನ ಮುಖ ನೋಡಿಯೇ, “ಏನಾಯ್ತೇ?” ಅಂದಳು. “ಕೆಳಗೆ ಹೋಗಿ ಏನಾದರೂ ಮಾತಾಡು, ಜನ ಏಳಬಾರದು” ಎಂದು ಗದರಿಬಿಟ್ಟೆ. ಪಾಪ, ಹಾಗೇ ಇಳಿದು ಹೋದಳು.

ಬೆವರು ಒರೆಸಿಕೊಳ್ಳುತ್ತ ಹೊರಮುಚ್ಚಳದ ಅಂಚನ್ನು ಸವರಿ ನೋಡಿದೆ. ಬೆರಳಿಗೆ ಕೆಂಪಗೆ ಏನೋ ಅಂಟಿತು. ಮೂಸಿದೆ. ಕುಂಕುಮ.

“ಮಾದಯ್ಯ, ಬೆಳಗ್ಗೆ ಪೂಜೆ ಮಾಡಿದ್ರಾ?”

“ಊಂ ಕಣವ್ವ! ಬೇರೆ ದೇಶದ ಸಿನಿಮಾ, ಮೊದ್ಲ ಆಟ, ಪೂಜೆ ಮಾಡ್ದೆ ಸುರು ಮಾಡಾಕಾದದಾ? ಯಜಮಾನ್ರೇ ಹೂವು, ಕಾಯಿ ಕಳ್ಸಿದ್ರು.”

“ಮುಚ್ಚಳ ಬಿಚ್ಚಿದ್ರಾ?”

“ಬಿಚ್ದೆ. ಬಟ್ಟೇಲಿ ಒರ್ಸಿ, ಒಳಿಕೆ ಕುಂಕುಮ ಇಟ್ಟು, ಹೂವ ಇಟ್ಟು ತಗ್ದು, ಅಂಗೇ ಮುಚ್ದೆ.”

“ಮುಟ್ಟಿಲ್ಲ ಅಂದ್ರಲ್ಲಾ!”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ಪೂಜೆ ಮಾಡೋದು ಮುಟ್ದಂಗಾ ತಾಯಿ? ಹಳೇ ಮಿಷಿನ್ನಲ್ಲೂ ಲ್ಯಾಂಪಿನ ಮನೆ ತಗ್ದು ಒಳಿಕೇ ಇಡ್ತಿದ್ದೊ. ಬೆಳಕು ಉಟ್ಟೋ ಜಾಗಕ್ಕಲ್ವಾ ಪೂಜೆ? ಮೇಲ್ಗಡೆ ತಗಡಿಗೆ ಮಾಡುದ್ರೆ ಬೀರುಗೆ ಮಾಡ್ದಂಗೆ.”

ಬೈಯಲು ಬಾಯಿ ತೆರೆದವಳು ಸಿಟ್ಟು ನುಂಗಿಕೊಂಡೆ. ಕೇಳಬೇಕಾದದ್ದು ಇನ್ನೊಂದೇ ಪ್ರಶ್ನೆ, ಅದನ್ನು ಕೇಳಲೇ ಹೆದರಿಕೆ. “ಒಳಗೆ ಇನ್ನೊಂದು ಸಣ್ಣ ಪೆಟ್ಟಿಗೆ ಇದೆಯಲ್ಲ, ಅದನ್ನ?”

“ಅದ್ನೂ ಬಿಚ್ಬೇಕು ಅಂತಿದ್ದೆ. ಅದ್ರ ಸ್ಕ್ರೂ ವಿಚಿತ್ರದ್ದು, ನನ್ ಸ್ಕ್ರೂಡ್ರೈವರು ಇಡಿಲಿಲ್ಲ. ಮೇಲೇ ಇಟ್ಬುಟ್ಟು ಕೈಮುಗ್ದೆ.”

ಅಬ್ಬಾ! ಹೋದ ಜೀವ ಬಂತು. ಮುಚ್ಚಳ ತೆಗೆದು ನೋಡಿದರೆ ಆ ಪೆಟ್ಟಿಗೆಯ ನೆತ್ತಿಯ ಮೇಲೆ ದುಂಡಗೆ ಕುಂಕುಮ. ಒರೆಸಿ, ಮುಚ್ಚಳವನ್ನು ಬಿಗಿಯಾಗಿ ಕೂರಿಸಿದೆ. ಇನ್ನು ಕೋಡ್ ಬೇಕು. ಕ್ಯಾಬಿನ್ನಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ತಾರಸಿಗೆ ಓಡಿದೆ. ಕಂಟ್ರೋಲ್ ರೂಮಿನವರು ಮುಚ್ಚಳ ಯಾಕೆ ತೆರೆದಿರಿ ಅಂದರು. ಪೂಜೆಗೆ ಎಂದರೆ ಅರ್ಥವಾದೀತೇ? ಕ್ಲೀನಿಂಗ್ ಅಂದೆ. ಮೇಲಿನವರ ಒಪ್ಪಿಗೆ ಕೇಳುತ್ತೇವೆ, ಲೈನಿನಲ್ಲೇ ಇರಿ ಎಂದು ಸಂಗೀತ ಹಾಕಿ ಹೋದರು. ಹನ್ನೊಂದು ದಾಟಿತು. ಕೆಳಗಿನಿಂದ ಒಂದು ಶಿಳ್ಳೆ, ಹಿಂದೆಯೇ ಇನ್ನೊಂದು. ಆ ಹಾಳು ಸಂಗೀತ ಮಾತ್ರ ನಿಲ್ಲಲೊಲ್ಲದು.

ಅಷ್ಟರಲ್ಲಿ ಶಿವಬಸಪ್ಪನವರೂ ತಾರಸಿಗೆ ಬಂದರು. ಮಾದಯ್ಯ ಅವರ ಹಿಂದೆ. “ಏನ್ ಮೇಡಂ ಇದು? ಯಾರ್ದು ತಪ್ಪು?”

ಮಿಷಿನ್ನಿನ ಮೇಲೆ ಹಾಕಿ ಜಾರಿಕೊಳ್ಳೋಣ ಎಂದು ಬಾಯಿ ತೆರೆದೆ. ಮಾದಯ್ಯ ಮುಂದೆ ಬಂದುಬಿಟ್ಟ. “ನಂದೇ ಯಜಮಾನ್ರೇ. ಪೂಜೆ ಮಾಡಾಕೆ ಮುಚ್ಚಳ ಬಿಚ್ದೆ. ಬಿಚ್ಬಾರ್ದಂತೆ, ಗೊತ್ತಿರ್ಲಿಲ್ಲ.”

ಶಿವಬಸಪ್ಪನವರು ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಕಾಯಿ ಕಳಿಸಿದವರು ತಾವೇ ಎಂಬುದು ನೆನಪಾಯಿತೋ ಏನೋ. “ಮೊದ್ಲು ಸಿನಿಮಾ ಬರ್ಲಿ” ಎಂದಷ್ಟೇ ಹೇಳಿ ಇಳಿದರು. ಮಾದಯ್ಯನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಕೊನೆಗೂ ಕೋಡ್ ಬಂತು. ಕೆಳಗೆ ಓಡಿ ಒತ್ತಿದೆ. ಕೆಂಪು ಹಳದಿಯಾಯಿತು. ಆಮೇಲೆ ಹಸಿರು! ಸಭಾಂಗಣದಲ್ಲಿ ದೀಪಗಳು ಆರಿದವು. ಅಲ್ಲಿಯವರೆಗೂ ನಾಗರತ್ನ ಮೈಕ್ ಹಿಡಿದು ಐರ್ಲೆಂಡಿನ ದನ, ಕುರಿ, ಆಲೂಗಡ್ಡೆಯ ಕಥೆ ಹೇಳುತ್ತ, ಜನರ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತ ನಿಂತಿದ್ದಳಂತೆ. ಒಬ್ಬರೂ ಎದ್ದು ಹೋಗಿರಲಿಲ್ಲ.

ಅಣ್ಣತಮ್ಮಂದಿರಿಬ್ಬರು ಹೊಲದ ನಡುವಿನ ಒಂದು ಕಲ್ಲುಗೋಡೆಗಾಗಿ ಮಾತು ಬಿಟ್ಟ ಕಥೆ ಅದು. ಸ್ವಲ್ಪ ಹೊತ್ತಿಗೇ ಕೆಳಗಿನಿಂದ ಯಾರೋ, “ಲೇ, ನಮ್ಮ ಬದಿನ್ ಜಗಳ ಅಲ್ಲೂ ಅದೆ ಕಣ್ಲಾ!” ಎಂದು ಕೂಗಿದರು. ಸಭಾಂಗಣವೆಲ್ಲ ನಕ್ಕಿತು. ಆಮೇಲೆ ಸದ್ದಿಲ್ಲ. ಕಿಂಡಿಯಲ್ಲಿ ನೋಡಿದರೆ ಶಿವಬಸಪ್ಪನವರು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಾದಯ್ಯನ ಕಣ್ಣು ಪರದೆಯ ಮೇಲಿರಲಿಲ್ಲ, ಅವರ ಬೆನ್ನಿನ ಮೇಲಿತ್ತು. ಅವರು ಯಾವಾಗ ಏಳುತ್ತಾರೋ ಎಂದು ನಾವಿಬ್ಬರೂ ಕಾದೆವು. ಅವರು ಏಳಲಿಲ್ಲ.

ಆಟ ಮುಗಿದ ಮೇಲೆ ಮೆಟ್ಟಿಲು ಹತ್ತುವ ಚಪ್ಪಲಿ ಸದ್ದು. ಮಾದಯ್ಯ ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಒಳಗೆ ಬಂದವರೇ ಶಿವಬಸಪ್ಪನವರು ನನ್ನ ಮೇಲೆ ರೇಗಿದರು.

“ಏನ್ ಮೇಡಂ, ಆ ಅಣ್ಣತಮ್ಮ ಕೊನೀಗೂ ಮಾತಾಡ್ಲೇ ಇಲ್ವಲ್ಲ?”

ಅವರು ಮಿಷಿನ್ನಿನತ್ತ ತಿರುಗಿ, “ಎಲ್ಲಿಟ್ಟಿದ್ಯಯ್ಯ ಕುಂಕುಮವ?” ಎಂದರು. ಮಾದಯ್ಯ ಬೆರಳಿಟ್ಟು ಜಾಗ ತೋರಿಸಿದ. ಅವರು ಬಗ್ಗಿ ನೋಡಿದರು.

“ಸೋಮವಾರ ಬರೋರಿಗೆ ಫೋನ್ ಮಾಡಿ ಬ್ಯಾಡ ಅಂತೀನಿ. ಥಿಯೇಟ್ರಿಗೆ ಬೀಗ ಹಾಕಲ್ಲ ಕಣಯ್ಯ. ಈ ಮುಚ್ಚಳಕ್ಕೆ ಒಂದು ಹಾಕ್ಬುಡು.”

ಮಾದಯ್ಯ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ನಿಂತುಬಿಟ್ಟ. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ.

ಯಂತ್ರ ಕೆಟ್ಟಾಗ ‘ಯಾರು ಮುಟ್ಟಿದರು’ ಎಂದು ಕೇಳುವುದನ್ನು ನಾನು ಅಂದಿನಿಂದ ಬಿಟ್ಟೆ. ಹಾಗೆ ಕೇಳಿದರೆ ಜನ ಹೆದರಿ ಇಲ್ಲ ಅನ್ನುತ್ತಾರೆ. ಹೆದರದಿದ್ದರೂ, ತಾವು ಮಾಡಿದ್ದು ಮುಟ್ಟುವುದು ಎಂದೇ ಅವರಿಗೆ ಅನ್ನಿಸಿರುವುದಿಲ್ಲ. ಬೆಳಗ್ಗಿನಿಂದ ಏನೇನು ಮಾಡಿದಿರಿ ಎಂದು ಕೂತು ಕೇಳಬೇಕು, ಸಿಟ್ಟು ಮಾಡದೆ ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಮುಂದಿನ ಸಲ ಕೊಳ್ಳೇಗಾಲಕ್ಕೆ ಹೋದಾಗ ಮುಚ್ಚಳಕ್ಕೆ ಪುಟ್ಟ ಬೀಗ ಬಿದ್ದಿತ್ತು. ಕುಂಕುಮ ಮಾತ್ರ ಜಾಗ ಬದಲಿಸಿ, ಬೆಳಕು ಹೊರಬೀಳುವ ಕಿಂಡಿಯ ಚೌಕಟ್ಟಿಗೆ ಬಂದಿತ್ತು. ಸ್ವಿಚ್ ಒತ್ತುವ ಮುಂಚೆ ನಾನೇ ಕೇಳಿದೆ: “ಪೂಜೆ ಆಯ್ತಾ ಮಾದಯ್ಯ?”