ಟೈಲರ್‌ನ ಬಲಗಣ್ಣು

ಸೂಜಿಗೆ ದಾರ ಪೋಣಿಸುವಾಗ ಟೈಲರ್ ಎಡಗಣ್ಣು ಮುಚ್ಚುತ್ತಿದ್ದ. ಅಪ್ಪನ ಮೆಷಿನ್ ಪಕ್ಕ ಕೂತು ಕಲಿತ ಚಾಳಿ. ಏನನ್ನೇ ನಿಗಾ ಇಟ್ಟು ನೋಡಬೇಕಾದರೂ ಬಲಗಣ್ಣೇ ಮುಂದೆ. ಈಗ ಆ ಬಲಗಣ್ಣಿನ ನಟ್ಟನಡುವೆ ಮಸಿ ಮೆತ್ತಿದ ಹಾಗೆ ಕಪ್ಪು ಕೂತಿತ್ತು. ಎಡಗಣ್ಣಿಗೂ ಅದು ಶುರುವಾಗಿತ್ತು. ಡಾಕ್ಟರ್ ಮುಚ್ಚುಮರೆ ಮಾಡಲಿಲ್ಲ. ನೇರ ನೋಟ ಪೂರ್ತಿ ಹೋಗುತ್ತದೆ, ಓರೆಯಲ್ಲಿ ಒಂದಿಷ್ಟು ಉಳಿಯುತ್ತದೆ ಎಂದರು.

ಕಾಲರ್ ಸೊಟ್ಟ ಬಂದರೂ ಗಿರಾಕಿಗಳು ಜಗಳ ತೆಗೆಯಲಿಲ್ಲ, ಸುಮ್ಮನೆ ಬೇರೆ ಅಂಗಡಿ ಹಿಡಿದರು. ಅದೇ ಅವನ ಹೊಟ್ಟೆ ಉರಿಸಿತು.

ಅಂಗಡಿಯ ಹಿಂದಿನ ಜೌಗಿನಲ್ಲಿ ಒಂದು ಹಕ್ಕಿ, ಖಾಲಿ ಕೊಡದ ಬಾಯಿಗೆ ಊದಿದ ಹಾಗೆ ಕೂಗುತ್ತಿತ್ತು. ಆ ಕೂಗು ಕೇಳುತ್ತಾ ಕೇಳುತ್ತಾ ಅವನ ತಲೆ ನರೆತಿತ್ತು. ಹಕ್ಕಿ ಮಾತ್ರ ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಲಾರಿಗಳು ಹಳೇ ಕಟ್ಟಡಗಳ ಕಲ್ಲುಮಣ್ಣು ತಂದು ಜೌಗು ಮುಚ್ಚುತ್ತಿದ್ದವು. ಜೊಂಡು ಉಳಿದದ್ದು ಒಂದು ಮೂಲೆಯಲ್ಲಿ.

"ಕಣ್ಣು ಹೋಗೋ ಮುಂಚೆ ಅದನ್ನೊಂದ್ಸಲ ನೋಡ್ಬೇಕು" ಎಂದು ಹಟ ಹಿಡಿದ. ಮಗಳು, ಪ್ಯಾಂಟು ಗಿಡ್ಡ ಮಾಡಿಸಲು ಬರುತ್ತಿದ್ದ ಬಸ್ ಡ್ರೈವರನ್ನು ಕೇಳಿದಳು. ಡ್ರೈವರು, ಅವನ ಜೊತೆ ತಿರುಗುವ ನರ್ಸಮ್ಮ, ಇಬ್ಬರೂ ಹಕ್ಕಿ ನೋಡುವುದರಲ್ಲಿ ಪಳಗಿದವರು.

ಬೆಳಕು ಹರಿಯುವಾಗ ನಾಲ್ವರೂ ಜೊಂಡಿನ ಎದುರು ನಿಂತರು. ಡ್ರೈವರು ಮೂರು ಕಾಲಿನ ಮೇಲೆ ಒಂಟಿ ಕೊಳವೆಯ ದುರ್ಬೀನು ನಿಲ್ಲಿಸಿ, ಜೊಂಡಿನ ಬುಡವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಹುಡುಕಿದ.

"ಭಯ ಆದ್ರೆ ಅದು ಹಾರಲ್ಲ," ಎಂದಳು ನರ್ಸಮ್ಮ. "ಕೊಕ್ಕು ಮೇಲೆತ್ತಿ ಜೊಂಡಿನ ಹಾಗೇ ನಿಂತುಬಿಡುತ್ತೆ. ಗಾಳಿ ಬಂದ್ರೆ ಜೊಂಡಿನ ಜೊತೆ ತೂಗುತ್ತೆ."

"ನಮ್ಮ ಕಂಡಕ್ಟರ್ ಥರ. ಚೆಕಿಂಗ್ ಬಂದ್ರೆ ಕಂಬದ ಹಾಗೆ ನಿಲ್ತಿದ್ದ," ಎಂದ ಡ್ರೈವರು. ಮರುಕ್ಷಣವೇ ಅವನ ದನಿ ಇಳಿಯಿತು. "ಸಿಕ್ತು. ಬನ್ನಿ ಟೈಲರ್ರೇ, ದುರ್ಬೀನು ಅಲ್ಲಾಡಿಸಬೇಡಿ."

ಟೈಲರ್ ಬಗ್ಗಿ ಕಣ್ಣಿಟ್ಟ. ಬರೀ ಕಪ್ಪು.

"ಹಕ್ಕಿ ಇಲ್ಲ."

"ಅಯ್ಯೋ, ಮೂಗಿನ ನೇರಕ್ಕಿದೆ ಮಾರಾಯ್ರೇ!"

"ಇಲ್ಲ ಅಂದ್ನಲ್ಲ. ಸಮಾಧಾನಕ್ಕೆ ಸುಳ್ಳು ಹೇಳ್ತಿದ್ದೀರಾ?"

ನರ್ಸಮ್ಮ ಅವನ ಮುಖ ನೋಡಿದಳು. "ಯಾವ ಕಣ್ಣು ಮುಚ್ಚಿದ್ದೀರಿ?"

ಎಡಗಣ್ಣು. ಕೆಟ್ಟ ಕಣ್ಣನ್ನೇ ಗಾಜಿಗೆ ಒಡ್ಡಿ, ಇದ್ದುದರಲ್ಲಿ ಒಳ್ಳೆಯದನ್ನು ಮುಚ್ಚಿಕೊಂಡಿದ್ದ. ಮಗಳು ತುಟಿ ಕಚ್ಚಿದಳು.

"ಎಡಗಣ್ಣಲ್ಲಿ ನೋಡಿ. ಹಕ್ಕಿಯನ್ನ ದಿಟ್ಟಿಸಬೇಡಿ, ಅದರ ಪಕ್ಕದ ಜೊಂಡು ನೋಡಿ," ಎಂದಳು ನರ್ಸಮ್ಮ.

ಅವನು ಪಕ್ಕಕ್ಕೆ ನೋಟ ಸರಿಸಿದ. ಓರೆಯಲ್ಲಿ, ಕಂದು ಕತ್ತಿನ ಮೇಲೆ ಉದ್ದುದ್ದ ಗೀರು. ಆಕಾಶಕ್ಕೆತ್ತಿದ ಕೊಕ್ಕು.

"ಕಚ್ಚಾ ಹೊಲಿಗೆ ಹಾಕಿದ ಹಾಗಿದೆ ಕಣೇ," ಎಂದ ಮಗಳಿಗೆ. "ಇನ್ನೂ ಬಿಗಿ ಮಾಡಿಲ್ಲ."

ಹಿಂದೆ ಲಾರಿ ಗುಡುಗಿತು. ಹಿಮ್ಮುಖವಾಗಿ ಜೊಂಡಿನ ಕಡೆಗೇ ಬರುತ್ತಿತ್ತು. ಮಗಳು ಕೈಬೀಸಿ ಕೂಗುತ್ತಾ ಓಡಿದಳು. ಲಾರಿಯವನಿಗೆ ಕೇಳಿಸಲಿಲ್ಲ. ಹಕ್ಕಿ ಹಾರಲಿಲ್ಲ. ಕತ್ತನ್ನು ಇನ್ನಷ್ಟು ನೀಳ ಮಾಡಿ ನಿಂತಿತು.

"ಹಾರು ತಾಯಿ, ಹಾರು," ಎಂದು ಟೈಲರ್ ಗಾಜಿನೊಳಗೇ ಬೇಡಿಕೊಂಡ. ಗಾಬರಿಯಲ್ಲಿ ನೋಟ ನೇರವಾಯಿತು. ಹಕ್ಕಿ ಇದ್ದಲ್ಲಿ ಕಪ್ಪು ಬಂದು ಕೂತಿತು. ಹಿಂದೆ ಸರಿದು ಡ್ರೈವರನ್ನು ದುರ್ಬೀನಿಗೆ ತಳ್ಳಿದ. "ನನಗೆ ತಪ್ಪಿಹೋಯ್ತು, ನೀವು ನೋಡಿ! ಹಾರಿದ್ರೆ ಹೇಳಿ."

ಕಲ್ಲುಮಣ್ಣು ಜೊಂಡಿನ ಮೇಲೆ ದಡದಡ ಸುರಿಯಿತು. ಧೂಳು ಎದ್ದು ಎಲ್ಲರ ಬಾಯಿಗೂ ಬಂತು.

"ಹಾರ್ತಾ?"

ಡ್ರೈವರು ಧೂಳು ಇಳಿಯುವವರೆಗೂ ದುರ್ಬೀನಿನಲ್ಲಿ ಹುಡುಕಿದ. ಆಮೇಲೆ ದುರ್ಬೀನಿನ ಕಾಲುಗಳನ್ನು ಒಂದೊಂದಾಗಿ ಮಡಚತೊಡಗಿದ.

"ಹಾರ್ತಾ ಅಂತ ಕೇಳ್ದೆ."

ಮಗಳು ಬಂದು ಅವನ ಮೊಣಕೈ ಹಿಡಿದಳು. "ನಡಿ ಅಪ್ಪ. ಇಲ್ಲಿ ಹಳ್ಳ ಇದೆ, ಕಾಲು ಎತ್ತಿಡು."